ಪಹಣಿಯೂ ತಾಯಿ ಕಾರ್ಡೂ

(ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಲೆನಾಡಿನ ಗ್ರಾಮಸ್ಥರೂ ನಗರದ ವಿದ್ಯಾರ್ಥಿಗಳೂ ಕೂಡಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಳ್ಳಿಯ ಮನೆಗಳಲ್ಲಿ ಜೋಪಾನವಾಗಿ ಕಾಯ್ದಿಡುವ ಕಾಗದಗಳು ಎರಡು. ಒಂದು ಪಹಣಿ, ಇನ್ನೊಂದು ತಾಯಿ ಕಾರ್ಡ್. ನೆಲದ ಒಡೆಯರು ಯಾರು, ವಿಸ್ತೀರ್ಣವೆಷ್ಟು, ಬೆಳೆ ಯಾವುದು, ಅದರ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದನ್ನು ಪಹಣಿ ಹೇಳುತ್ತದೆ. ಬಸುರಿಯ ತೂಕವೆಷ್ಟು, ರಕ್ತದ ಅಂಶವೆಷ್ಟು, ಹೆರಿಗೆ ಎಂದಾಯಿತು, ಹುಟ್ಟಿದ ಕೂಸಿನ ತೂಕವೆಷ್ಟು ಎಂಬುದನ್ನು ತಾಯಿ ಕಾರ್ಡ್ ಹೇಳುತ್ತದೆ. ಮೊದಲನೆಯದು ಕಂದಾಯ ಇಲಾಖೆಯ ಕಾಗದ. ಎರಡನೆಯದು ಆರೋಗ್ಯ ಇಲಾಖೆಯದು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವುದು ಕಚೇರಿಗಳ ರೂಢಿಯಲ್ಲಿಲ್ಲ. ಆದರೆ ನೆಲಕ್ಕೂ ಕೂಸಿಗೂ ಇರುವ ನಂಟು ಕಚೇರಿಯ ಗೋಡೆಗಳನ್ನು ಲೆಕ್ಕಿಸುವುದಿಲ್ಲ. ಬಳಸಿ ಬಿಟ್ಟುಹೋದ ವಿಷದ ನೆಲದ ಪಕ್ಕದಲ್ಲಿ ಬದುಕುವ ಕುಟುಂಬಗಳಲ್ಲಿ ಆ ನೆಲದ ಸಾಲವನ್ನು ಕೆಲವೊಮ್ಮೆ ಇನ್ನೂ ಕಣ್ಣು ತೆರೆಯದ ಮಗು ತೀರಿಸಬೇಕಾಗುತ್ತದೆ. ಈ ದಿನದ ಮಾತು ಅದರ ಕುರಿತು.

ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಹತ್ತಿ ಗಿರಣಿಗಳ ಸೈರನ್ನಿಗೆ ಇಲ್ಲಿನ ಜನ ಎದ್ದರು, ಉಂಡರು, ಮಲಗಿದರು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದುದ್ದಕ್ಕೂ ಹೆಸರಾಗಿದ್ದವು. ಇಂದು ಅದೂ ನೆನಪು ಮಾತ್ರ. ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರ ಬಾಕಿಯ ಬಗ್ಗೆ ಮಾತಾಗುತ್ತದೆ, ಯಂತ್ರಗಳ ಹರಾಜಿನ ಬಗ್ಗೆ ಮಾತಾಗುತ್ತದೆ, ನೆಲದ ಬೆಲೆಯ ಬಗ್ಗೆಯಂತೂ ಬಹಳ ಮಾತಾಗುತ್ತದೆ. ನಿವೇಶನ ಕೊಳ್ಳುವವರು ಖಾತೆ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ವಾಸ್ತುವನ್ನೂ ಕೇಳುತ್ತಾರೆ. ಅಲ್ಲಿ ಮೊದಲು ಏನು ನಡೆಯುತ್ತಿತ್ತು, ಯಾವ ಎಣ್ಣೆ, ಯಾವ ಬಣ್ಣ, ಯಾವ ಆಮ್ಲ ನೆಲಕ್ಕೆ ಇಳಿದಿದೆ ಎಂದು ಕೇಳುವವರು ವಿರಳ. ಇಲ್ಲಿನ ಗಿರಣಿಯ ನೆಲ ಕೆಟ್ಟಿದೆ ಎಂದು ಆರೋಪಿಸುವುದು ಈ ಮಾತಿನ ಉದ್ದೇಶವಲ್ಲ. ಪರೀಕ್ಷಿಸದೆ ಯಾವ ನೆಲವನ್ನೂ ಒಳ್ಳೆಯದೆನ್ನಲಾಗದು, ಕೆಟ್ಟದ್ದೆಂದೂ ಅನ್ನಲಾಗದು ಎಂಬುದಷ್ಟೇ ಇಲ್ಲಿನ ವಾದ.

ಮಣ್ಣಿನೊಳಗಿನ ವಿಷ ಗರ್ಭವನ್ನು ತಲುಪುವುದು ಹೇಗೆ? ದಾರಿಗಳು ಮೂರು: ಧೂಳು, ನೀರು, ಅನ್ನ. ಗಾಳಿಗೆ ಎದ್ದ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ; ಅಂಗಳದಲ್ಲಿ, ಹಾಸಿಗೆಯ ಮೇಲೆ, ಮುಚ್ಚದ ಪಾತ್ರೆಯಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ನೆಲಕ್ಕಿಳಿದ ನೀರು ಕರಗುವುದನ್ನೆಲ್ಲ ಕರಗಿಸಿಕೊಂಡು ಬಾವಿಗೂ ಕೊಳವೆಬಾವಿಗೂ ಸೇರುತ್ತದೆ. ಆ ನೀರಲ್ಲಿ ಬೆಳೆದ ಸೊಪ್ಪು, ಆ ಹುಲ್ಲು ಮೇಯ್ದ ಎಮ್ಮೆಯ ಹಾಲು ಮನೆಗೆ ಬರುತ್ತವೆ. ಹೆಂಗಸರು ಮಾತ್ರ ಬಲ್ಲ ಇನ್ನೊಂದು ದಾರಿಯೂ ಇದೆ. ರಕ್ತ ಕಡಿಮೆಯಿರುವ ಬಸುರಿಗೆ ಮಣ್ಣು ತಿನ್ನುವ ಬಯಕೆ ಹುಟ್ಟುತ್ತದೆ. ಆ ಹಿಡಿ ಮಣ್ಣು ಎಲ್ಲಿಂದ ಬಂತೆಂಬುದು ಆಗ ಸಣ್ಣ ಮಾತಾಗಿ ಉಳಿಯುವುದಿಲ್ಲ.

ತಾಯಿಯ ದೇಹವೇ ಮಗುವಿಗೆ ಕೋಟೆ ಎಂಬುದು ಹಳೆಯ ನಂಬಿಕೆ. ವಿಜ್ಞಾನ ಈ ನಂಬಿಕೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಸೀಸ ಮಾಸುಚೀಲವನ್ನು ದಾಟುತ್ತದೆ. ಹಲವು ವರ್ಷಗಳ ಹಿಂದೆ ತಾಯಿಯ ಮೂಳೆಯಲ್ಲಿ ಸೇರಿಕೊಂಡ ಸೀಸವೂ, ಗರ್ಭಕಾಲದಲ್ಲಿ ಮೂಳೆಯ ಸುಣ್ಣ ಕರಗುವಾಗ ಅದರೊಂದಿಗೆ ಹೊರಬಂದು ಮಗುವಿನ ರಕ್ತಕ್ಕೆ ಸೇರುತ್ತದೆ. ಪಾದರಸದ ಕೆಲವು ರೂಪಗಳೂ ಆರ್ಸೆನಿಕ್ ಕೂಡ ಹೀಗೆಯೇ ದಾಟಬಲ್ಲವು. ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಹೀಗಾಗಿ ಬಡತನ ಮತ್ತು ವಿಷ ಒಂದನ್ನೊಂದು ಬೆಂಬಲಿಸುತ್ತವೆ. ಮಗುವಿನ ಹೃದಯ, ಬೆನ್ನುಹುರಿ, ಕೈಕಾಲುಗಳು ರೂಪುಗೊಳ್ಳುವುದು ಬಹುಮಟ್ಟಿಗೆ ಮೊದಲ ಎಂಟು ವಾರಗಳಲ್ಲಿ. ಅಷ್ಟರೊಳಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ಎಚ್ಚರಿಕೆ ಹೇಳಲು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುವ ವೇಳೆಗೆ ಆಗಬೇಕಾದದ್ದು ಆಗಿರಬಹುದು. ಆದುದರಿಂದ ತಾಯಿಗೆ ಎಚ್ಚರಿಕೆ ಹೇಳಿದರಷ್ಟೇ ಸಾಲದು, ಮೊದಲು ನೆಲವನ್ನೇ ಸರಿಪಡಿಸಬೇಕಾಗುತ್ತದೆ.

ಈ ನಂಟನ್ನು ಜಗತ್ತು ಕಲಿತದ್ದು ದುಬಾರಿ ಬೆಲೆ ತೆತ್ತು. ಅಮೆರಿಕದ ನಯಾಗರ ಜಲಪಾತದ ಬಳಿಯ ಲವ್ ಕೆನಾಲ್ ಎಂಬ ಹಳೆಯ ಕಾಲುವೆಗೆ ರಾಸಾಯನಿಕ ಕಂಪನಿಯೊಂದು 1942ರಿಂದ 1953ರವರೆಗೆ ಸುಮಾರು 21,000 ಟನ್ ತ್ಯಾಜ್ಯ ಸುರಿದು, ಮಣ್ಣು ಮುಚ್ಚಿ, ಆ ನೆಲವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಒಳಗೆ ರಾಸಾಯನಿಕವಿದೆ, ಮುಂದಿನ ಹಾನಿಗೆ ಕಂಪನಿ ಹೊಣೆಯಲ್ಲ ಎಂಬ ಮಾತು ಕ್ರಯಪತ್ರದಲ್ಲೇ ಇತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ಮನೆ ಕೊಂಡವರ ಕಣ್ಣಿಗೆ ಆ ಸಾಲು ಬೀಳಲಿಲ್ಲ. 1978ರ ಆಗಸ್ಟಿನಲ್ಲಿ ಸರ್ಕಾರ ತುರ್ತುಸ್ಥಿತಿ ಘೋಷಿಸಿದಾಗ ಮೊದಲು ಜಾಗ ಬಿಡಬೇಕೆಂದು ಹೇಳಿದ್ದು ಬಸುರಿಯರಿಗೆ ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ. ಋಣ ಕಾಗದದಲ್ಲಿ ಬರೆದಿದ್ದರೂ ಓದಬೇಕಾದವರಿಗೆ ಅದು ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಯುರೋಪಿನ ಐದು ದೇಶಗಳ 21 ವಿಷತ್ಯಾಜ್ಯ ಗುಂಡಿಗಳ ಸುತ್ತಲಿನ ಜನನಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಂಡಿಯಿಂದ 3 ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಲ್ಲಿ ಜನ್ಮಜಾತ ನ್ಯೂನತೆಯ ಸಂಭವ, ದೂರದವರಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿತ್ತು. ಹತ್ತಿರ ವಾಸಿಸುವುದೇ ಕಾರಣವೆಂದು ಅಂಥ ಅಧ್ಯಯನ ಸಾಧಿಸಿ ತೋರಿಸುವುದಿಲ್ಲ. ಎರಡೂ ಒಟ್ಟಿಗೆ ಕಾಣಿಸುತ್ತವೆ ಎಂದಷ್ಟೇ ಹೇಳುತ್ತದೆ. ಇನ್ನೊಂದು ತುದಿಯಿಂದ ನೋಡಿದ ಸಂಶೋಧನೆ 2011ರಲ್ಲಿ ಅಮೆರಿಕದಲ್ಲಿ ಬಂತು. ಅಲ್ಲಿ ಸರ್ಕಾರದ ಯೋಜನೆಯಡಿ ಶುಚಿಗೊಳಿಸಿದ ನೆಲಗಳಿಂದ 2,000 ಮೀಟರ್ ಒಳಗಿನ ಜನನಗಳನ್ನು ಶುಚಿಕಾರ್ಯಕ್ಕೆ ಮೊದಲು ಮತ್ತು ಅನಂತರ ಹೋಲಿಸಿ ನೋಡಿದಾಗ, ಜನ್ಮಜಾತ ನ್ಯೂನತೆಗಳು ಶೇಕಡಾ 20ರಿಂದ 25ರಷ್ಟು ತಗ್ಗಿದ್ದವು. ಮೊದಲನೆಯ ಅಧ್ಯಯನ ಭಯ ಹುಟ್ಟಿಸಿದರೆ ಎರಡನೆಯದು ಭರವಸೆ ಕೊಡುತ್ತದೆ. ನೆಲವನ್ನು ಸರಿಪಡಿಸಿದರೆ ತೊಟ್ಟಿಲಿಗೆ ಅದರ ಫಲ ಸಿಗುತ್ತದೆ.

ಆದರೆ ಸರಿಪಡಿಸುವ ಕೆಲಸವೂ ಸರಿಯಾಗಿ ನಡೆಯಬೇಕು. ಇಂಗ್ಲೆಂಡಿನ ಕಾರ್ಬಿ ಪಟ್ಟಣದ ಉಕ್ಕಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. ಪಟ್ಟಣದ ಆಡಳಿತ ಆ ನೆಲವನ್ನು ಮರುಬಳಕೆಗೆ ಸಿದ್ಧಗೊಳಿಸಲು ಹೊರಟಿತು. ವರ್ಷಗಟ್ಟಲೆ ಲಾರಿಗಳು ವಿಷದ ಕೆಸರನ್ನು ಊರ ರಸ್ತೆಗಳಲ್ಲೇ ಸಾಗಿಸಿದವು. ಚೆಲ್ಲಿದ ಕೆಸರು ಒಣಗಿ ಧೂಳಾಗಿ ಮನೆಮನೆಗೆ ಹೊಕ್ಕಿತು. ಆ ವರ್ಷಗಳಲ್ಲಿ ಅಲ್ಲಿ ಕೈಬೆರಳು, ಪಾದಗಳ ನ್ಯೂನತೆಯೊಂದಿಗೆ ಮಕ್ಕಳು ಹುಟ್ಟಿದರು. 18 ಮಕ್ಕಳ ಪರವಾಗಿ ನಡೆದ ಮೊಕದ್ದಮೆಯಲ್ಲಿ, 1985ರಿಂದ 1997ರವರೆಗಿನ ಶುಚಿಕಾರ್ಯದಲ್ಲಿ ಆಡಳಿತ ನಿರ್ಲಕ್ಷ್ಯ ತೋರಿತ್ತೆಂದು 2009ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2010ರಲ್ಲಿ ಪರಿಹಾರದ ಒಪ್ಪಂದವಾಯಿತು. ಅಲ್ಲಿ ಹಾನಿಗೆ ದಾರಿಯಾದದ್ದು ನೆಲವನ್ನು ಅಜಾಗರೂಕತೆಯಿಂದ ಕೆದಕಿದ್ದು.

ಕಾರ್ಬಿಯ ಪಾಠವನ್ನು ಕನ್ನಡನಾಡು ಬಳಸಬೇಕಾದ ಸ್ಥಳ ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಅಗೆದ ಆ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಬಳಿಕ ಉಳಿದ ಹುಡಿಯನ್ನು ಗುಡ್ಡಗಟ್ಟಲೆ ಸುರಿಯಲಾಯಿತು. ಜನ ಅದನ್ನು ಸೈನೈಡ್ ಗುಡ್ಡವೆಂದೇ ಕರೆಯುತ್ತಾರೆ. ಅಂಥ 13 ರಾಶಿಗಳು 1,003 ಎಕರೆಗಳಲ್ಲಿ ಹರಡಿವೆ. ಒಟ್ಟು ಸುಮಾರು 3.3 ಕೋಟಿ ಟನ್. ಗಾಳಿಗಾಲದಲ್ಲಿ ಆ ಹುಡಿ ಎದ್ದು ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲೆ ಇಳಿಯುತ್ತದೆ. ಬಿಸಿಲಿಗೂ ಗಾಳಿಗೂ ಸೈನೈಡ್ ಕಾಲಕ್ರಮೇಣ ಒಡೆದು ಕ್ಷೀಣಿಸುತ್ತದೆ. ಆದರೆ ನುಣ್ಣನೆಯ ಸಿಲಿಕಾ ಧೂಳೂ ಲೋಹಗಳೂ ಹಾಗೆ ಕರಗಿ ಹೋಗುವಂಥವಲ್ಲ. ಆ ರಾಶಿಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಉಳಿದ ಚಿನ್ನದ ಲೆಕ್ಕ ಹಾಕುವವರು ಏಳುವ ಧೂಳಿನ ಲೆಕ್ಕವನ್ನೂ ಹಾಕಬೇಕು. ರಾಶಿಯನ್ನು ಕೆದಕುವ ಮೊದಲು ಸುತ್ತಲಿನ ಮನೆಗಳ ನವಜಾತ ಶಿಶುಗಳ ತೂಕ ಮತ್ತು ಆರೋಗ್ಯದ ದಾಖಲೆಯನ್ನು ಸಿದ್ಧಪಡಿಸಿಡಬೇಕು. ಮೊದಲಿನ ಲೆಕ್ಕವಿಲ್ಲದಿದ್ದರೆ ನಾಳೆ ಹಾನಿಯಾದಾಗ ಅದನ್ನು ಸಾಬೀತುಪಡಿಸುವ ಹೊಣೆ ಬಡ ತಾಯಿಯ ಹೆಗಲಿಗೇ ಬೀಳುತ್ತದೆ.

ಕೋಲಾರ ಬಯಲುಸೀಮೆಯ ಮಾತಾಯಿತು. ಮಲೆನಾಡು, ಕರಾವಳಿಗಳ ನಡುವಿನ ಗುಡ್ಡಗಾಡಿನ ಕತೆ ಇನ್ನೂ ಹತ್ತಿರದ್ದು. ಕಾಸರಗೋಡು ಜಿಲ್ಲೆಯ ಸರ್ಕಾರಿ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳಲ್ಲೂ ಅದೇ ನಡೆಯಿತು. ತೋಪುಗಳಿರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳಿರುವುದು ಕಣಿವೆಯಲ್ಲಿ. ಕುಡಿಯುವ ನೀರು ಗುಡ್ಡದ ಹೊಟ್ಟೆಗೆ ತೋಡಿದ ಸುರಂಗಗಳಿಂದ ಬರುವಂಥದ್ದು. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕು. ಕರುಗಳು ವಿಕಾರವಾಗಿ ಹುಟ್ಟುತ್ತಿದ್ದುದನ್ನು ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಪಡ್ರೆ ಗ್ರಾಮದ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳು ಯಾವ ಮನೆಯವರು, ಆ ಮನೆ ಎಲ್ಲಿದೆ ಎಂಬುದನ್ನು ಗಮನಿಸತೊಡಗಿದರು. ಒಂದೇ ಕಣಿವೆಯ ಮನೆಗಳಲ್ಲಿ ಹುಟ್ಟಿನಿಂದಲೇ ಬಂದ ನ್ಯೂನತೆ, ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್‌ಗಳು ಒತ್ತಾಗಿ ಕಂಡವು. ಅವರು ಮಾಡಿದ್ದು ಇಷ್ಟೇ: ನೆಲದ ಚಿತ್ರವನ್ನೂ ರೋಗಿಯ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಅದುವರೆಗೆ ಊರು ಇದನ್ನು ದೈವದ ಮುನಿಸೆಂದು ಭಾವಿಸಿತ್ತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಪಡ್ರೆಯ ಮಕ್ಕಳನ್ನೂ ದೂರದ ಮೀಂಜದ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿತು. ಜನ್ಮಜಾತ ನ್ಯೂನತೆಯೂ ಕಲಿಕೆಯ ತೊಡಕೂ ಪಡ್ರೆಯಲ್ಲಿ ಹೆಚ್ಚಾಗಿದ್ದವು. ಕೊನೆಯ ಸಿಂಪಡಣೆಯಾಗಿ ಸುಮಾರು ಹತ್ತು ತಿಂಗಳಾಗಿದ್ದರೂ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವಿತ್ತು. ಪ್ರತಿಯೊಂದು ಕಾಯಿಲೆಗೂ ಅದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ವಾದ ನಡೆದಿದೆ. ವಾದ ಮುಗಿಯುವವರೆಗೆ ನ್ಯಾಯಾಲಯ ಕಾಯಲಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ ಮತ್ತು ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಸಿಂಪಡಣೆ ನಿಂತ ಮೇಲೂ ಕತೆ ಮುಗಿಯಲಿಲ್ಲ. ಉಳಿದ ದಾಸ್ತಾನನ್ನು ಕಾಸರಗೋಡಿನ ಬೆಳ್ಳೂರು ಪಂಚಾಯತಿಯ ಮಿಂಚಿನಪದವಿನ ಹಾಳುಬಾವಿಗೆ ಸುರಿದು ಮುಚ್ಚಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ವಿಷವನ್ನು ನಿಷೇಧಿಸುವುದು ಒಂದು ಕೆಲಸ; ಉಳಿದ ವಿಷ ಎಲ್ಲಿ ಹೋಯಿತೆಂದು ಬರೆದಿಡುವುದು ಇನ್ನೊಂದು.

ಈ ಎರಡನೆಯ ಕೆಲಸ ಮಲೆನಾಡಿನ ಪ್ರತಿ ಊರಲ್ಲೂ ಬಾಕಿಯಿದೆ. ಕಾಫಿಯ ಬಿಳಿ ಕಾಂಡಕೊರಕಕ್ಕೆ ದಶಕಗಳ ಕಾಲ ಬಿ.ಎಚ್.ಸಿ. ಮತ್ತು ಲಿಂಡೇನ್ ಬಳಿದರು. ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು, ಲಿಂಡೇನ್ ಬಳಕೆ 2013ರಲ್ಲಿ. ಇವು ಮಣ್ಣಿನಲ್ಲಿ ಬಹುಕಾಲ ಉಳಿಯುವ, ಎದೆಹಾಲಿನಲ್ಲೂ ಕಾಣಿಸಿಕೊಳ್ಳುವ ಜಾತಿಯ ವಿಷಗಳು. ತೋಟದ ಮೂಲೆಯಲ್ಲಿ ಮಾಡು ಕುಸಿದ ಹಳೆಯ ಔಷಧಿ ಕೋಣೆ, ಹಳ್ಳದ ಬದಿಯಲ್ಲಿ ತುಕ್ಕು ಹಿಡಿದ ಡಬ್ಬಗಳ ರಾಶಿ, ಎಂದೋ ಹೂತ ಚೀಲಗಳ ಗುಂಡಿ, ಇವೂ ಬಿಟ್ಟುಹೋದ ನೆಲಗಳೇ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಹರಿಹರಕ್ಕೆ ಇಳಿಯುತ್ತವೆ. ಮೇಲಿನವರು ಕೈಬಿಟ್ಟದ್ದು ಕೆಳಗಿನವರ ಕೊಡಕ್ಕೆ ಬರಬಹುದೆಂಬ ಕಾರಣಕ್ಕೇ ಮಲೆನಾಡಿನವರೂ ದಾವಣಗೆರೆಯವರೂ ಒಂದೇ ಸಭೆಯಲ್ಲಿ ಕೂರುವುದು ಉಚಿತ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಕೂಸಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆಯಾಗಲು, ತಿಂಗಳು ತುಂಬುವ ಮೊದಲೇ ಹೆರಿಗೆಯಾಗಲು, ನ್ಯೂನತೆ ಬರಲು ಕಾರಣಗಳು ಹಲವು. ತಾಯಿಯ ರಕ್ತಹೀನತೆ, ಎಳೆಯ ವಯಸ್ಸಿನ ಬಸುರು, ಫೋಲಿಕ್ ಆಮ್ಲದ ಕೊರತೆ, ಹತ್ತಿರದ ಸಂಬಂಧದಲ್ಲಿ ಮದುವೆ, ಅಡುಗೆ ಒಲೆಯ ಹೊಗೆ, ದಾವಣಗೆರೆಯಲ್ಲಾದರೆ ಮಂಡಕ್ಕಿ ಭಟ್ಟಿಯ ಹೊಗೆ, ಇವೆಲ್ಲ ಸಾಲಿನಲ್ಲಿ ಬರುತ್ತವೆ. ಒಂದು ಮಗುವನ್ನು ತೋರಿಸಿ ಇದಕ್ಕೆ ಆ ನೆಲವೇ ಕಾರಣವೆನ್ನುವುದು ವಿಜ್ಞಾನವಲ್ಲ. ನೂರು ಜನನಗಳನ್ನು ನೆಲದ ದೂರದೊಂದಿಗೆ ಹೋಲಿಸಿ, ಅಂಥದ್ದೇ ಬಡತನವಿರುವ ಬೇರೊಂದು ಊರಿನ ನೂರು ಜನನಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆ ಕೇಳುವ ಹಕ್ಕು ಬರುತ್ತದೆ. ಹಾಗೆ ಎಣಿಸದಿದ್ದಾಗ ದೂರು ಎಲ್ಲಿಗೆ ಹೋಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಮಗುವಿನ ತುಟಿ ಸೀಳಿದ್ದರೆ ತಾಯಿ ಗ್ರಹಣದಲ್ಲಿ ಹೊರಬಂದಳೆನ್ನುತ್ತಾರೆ. ಕಾಲು ಸೊಟ್ಟಗಿದ್ದರೆ ನಾಗದೋಷವೆನ್ನುತ್ತಾರೆ. ಏನೂ ತೋಚದಿದ್ದರೆ ಸೊಸೆ ಕಾಲಿಟ್ಟ ಗಳಿಗೆ ಸರಿಯಿಲ್ಲವೆನ್ನುತ್ತಾರೆ. ನೆಲವನ್ನು ಕೆಡಿಸಿದವರು ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ. ಹೆತ್ತವಳು ಮಾತ್ರ ಅಲ್ಲೇ ಇದ್ದು ಮಾತು ಕೇಳುತ್ತಾಳೆ. ಎಣಿಕೆಯಿಂದ ಆಗುವ ಮೊದಲ ಉಪಕಾರ ಅವಳ ಮೇಲಿನ ಈ ಆರೋಪವನ್ನು ಇಳಿಸುವುದು.

ಕಾನೂನು ತಡವಾಗಿಯಾದರೂ ಒಂದು ಹೆಜ್ಜೆ ಇಟ್ಟಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿತು. ಅನುಮಾನದ ಸ್ಥಳಗಳನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ತಾನಾಗಿಯೋ ಸಾರ್ವಜನಿಕರ ದೂರಿನ ಮೇಲೆಯೋ ಗುರುತಿಸಿ ಪಟ್ಟಿ ಮಾಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು, ಕೆಡಿಸಿದವರೇ ಶುಚಿಗೊಳಿಸುವ ವೆಚ್ಚ ಭರಿಸಬೇಕು ಎಂಬುದು ಅದರ ಸಾರ. ಗಣಿಗಾರಿಕೆಯಿಂದ ಕೆಟ್ಟ ಸ್ಥಳಗಳನ್ನು ಈ ನಿಯಮಗಳು ಸಾಮಾನ್ಯವಾಗಿ ಹೊರಗಿಟ್ಟಿರುವುದು ಕೋಲಾರದಂಥ ಊರಿಗೆ ದೊಡ್ಡ ಕೊರತೆ. ಆದರೂ ‘ಸಾರ್ವಜನಿಕರ ದೂರು’ ಎಂಬ ಮಾತಿನಲ್ಲಿ ಗ್ರಾಮಸಭೆಗೊಂದು ಬಾಗಿಲು ತೆರೆದಿದೆ.

ಆ ಬಾಗಿಲಿನಿಂದ ಒಳಹೋಗಲು ಮೂರು ಕೆಲಸಗಳು ಸಾಕು. ಮೊದಲನೆಯದು ನೆಲದ ಪಟ್ಟಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಮುಚ್ಚಿದ ಕಾರ್ಖಾನೆ, ಹಳೆಯ ಗುಂಡಿ, ಔಷಧಿ ಗೋದಾಮು, ಹಾಳುಬಾವಿಗಳನ್ನು ಸರ್ವೆ ನಂಬರಿನೊಂದಿಗೆ ಬರೆಯುವುದು. ಬ್ಯಾಂಕಿನ ಸಾಲವನ್ನು ನಮೂದಿಸುವ ಪಹಣಿಯಲ್ಲಿ ಮಣ್ಣಿನ ಈ ಸಾಲವನ್ನೂ ನಮೂದಿಸಬೇಕೆಂದು ಗ್ರಾಮಸಭೆ ಠರಾವು ಮಾಡಬಹುದು. ಎರಡನೆಯದು ಜನನಗಳ ಎಣಿಕೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ, ಯಾರ ಹೆಸರನ್ನೂ ಬರೆಯದೆ, ಜನನದ ವರ್ಷ, ಕೂಸಿನ ತೂಕ, ನ್ಯೂನತೆ ಇದ್ದರೆ ಅದರ ಬಗೆ, ಆ ನೆಲದಿಂದ ಮನೆಗಿರುವ ದೂರ, ಇಷ್ಟನ್ನೇ ಲೆಕ್ಕವಿಡುವುದು. ಇದು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಮೂರನೆಯದು, ನೀರು ಮತ್ತು ಮಣ್ಣಿನ ಪರೀಕ್ಷೆಗೆ ಲಿಖಿತ ಬೇಡಿಕೆ. ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಜೋಪಾನವಾಗಿಡುವುದು.

ಫಲಿತಾಂಶ ಬರುವವರೆಗೆ ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಅನುಮಾನದ ನೆಲದ ಮಣ್ಣನ್ನು ಅಂಗಳಕ್ಕೂ ಒಲೆಗೂ ತರದಿರುವುದು, ಹಳೆಯ ಔಷಧಿ ಡಬ್ಬದಲ್ಲಿ ನೀರು, ಕಾಳು ತುಂಬದಿರುವುದು, ಧೂಳನ್ನು ಒಣಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಬಸುರಿಗೆ ಕಬ್ಬಿಣ ಮತ್ತು ಸುಣ್ಣದ ಗುಳಿಗೆ ತಪ್ಪಿಸದಿರುವುದು, ಮಣ್ಣು ತಿನ್ನುವ ಬಯಕೆಯನ್ನು ನಾಚಿಕೆಯಿಲ್ಲದೆ ದಾದಿಗೆ ಹೇಳುವುದು. ಭಯದಿಂದ ಎದೆಹಾಲನ್ನು ಮಾತ್ರ ನಿಲ್ಲಿಸಬಾರದು. ಅದರಿಂದ ಮಗುವಿಗೆ ಸಿಗುವ ರಕ್ಷಣೆ ದೊಡ್ಡದು. ಶುಚಿಗೊಳಿಸುವ ನೆಪದಲ್ಲಿ ಯಾರೂ ತಾವಾಗಿಯೇ ಗುಂಡಿ ಅಗೆಯಬಾರದು, ಕಾರ್ಬಿಯನ್ನು ನೆನೆಯಬೇಕು.

ಹಿಂದಿನವರು ನೆಲ ಬಿಟ್ಟುಹೋಗುವಾಗ ಅದರೊಂದಿಗೆ ಬಾವಿ, ಮರ, ಬದು ಬಿಟ್ಟುಹೋಗುತ್ತಿದ್ದರು. ಈಗ ಬಿಟ್ಟುಹೋಗುವುದರಲ್ಲಿ ಕಣ್ಣಿಗೆ ಕಾಣದ್ದೂ ಸೇರಿದೆ. ಅದನ್ನು ಕಾಣುವಂತೆ ಮಾಡಲು ದೊಡ್ಡ ಯಂತ್ರ ಬೇಕಾಗಿಲ್ಲ. ಈ ಸಭೆಯಿಂದ ಮನೆಗೆ ಹಿಂದಿರುಗಿದವರು ಟ್ರಂಕಿನ ತಳದಲ್ಲಿರುವ ಪಹಣಿಯನ್ನೂ ತಾಯಿ ಕಾರ್ಡನ್ನೂ ಹೊರತೆಗೆದು ಪಕ್ಕಪಕ್ಕದಲ್ಲಿಟ್ಟು ಒಮ್ಮೆ ಓದಿದರೆ, ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.